ಅಕ್ವೇರಿಯಂ ಪಂಪಿನ ಜಾಯಿಂಟ್ ಸೋರ್ಲಿಕತ್ತದ, ಟೇಪ್ ಸುತ್ತಿದ್ರೂ ನಿಲ್ಲವಲ್ದು

ಕಲಬುರಗಿ_ಮತ್ಸ್ಯ:
ನಮಸ್ಕಾರ್ರಿ ಎಲ್ಲರಿಗೂ. 4 ಫೂಟ್ ಉದ್ದ, ಒಂದೂವರೆ ಫೂಟ್ ಅಗಲ, ಅಷ್ಟೇ ಎತ್ತರದ ಟ್ಯಾಂಕ್ ಅದ, ಸುಮಾರು 250 ಲೀಟರ್. ಕೆಳಗ ಸಂಪ್ (ಟ್ಯಾಂಕಿನ ನೀರು ಇಳಿದು ಬರೋ ಇನ್ನೊಂದು ತೊಟ್ಟಿ), ಅದರ ಬಾಜೂಕ ಹೊರಗ ಇಡೋ ಪಂಪ್. ನೀರು ಎಳಿಯೋ ಕಡೆ 1 ಇಂಚ್ ಪೈಪ್, ತಳ್ಳೋ ಕಡೆ ಮುಕ್ಕಾಲ್ ಇಂಚ್. ತಳ್ಳೋ ಕಡೆ ಪಿವಿಸಿ ಎಂಟಿಎ (ಹೊರಗ ಥ್ರೆಡ್ ಇರೋ ಪೈಪ್ ಅಡಾಪ್ಟರ್) ಪಂಪಿನ ಬಾಯಿಗೆ ಕೂಡೋ ಜಾಗದಾಗ ಹನಿ ಹನಿ ಸೋರ್ತದ. ಪ್ಲಂಬರ್ ಟೆಫ್ಲಾನ್ ಟೇಪ್ ಸುತ್ತಿ, ಮ್ಯಾಲೆ ಎಂ-ಸೀಲ್ ಮೆತ್ತಿದ್ರು, ಮತ್ತ ಶುರು ಆಗ್ಯದ. ಎಳಿಯೋ ಕಡೆ ಜಾಯಿಂಟ್ ಪಂಪ್ ನಡೆಯೋವಾಗ ಒಣ ಇರ್ತದ, ಲೈಟ್ ಹೋದ್ರ ಅಲ್ಲೂ ಹಸಿ. ಟ್ಯಾಂಕಿನಾಗ ಸಣ್ಣ ಸಣ್ಣ ಗುಳ್ಳಿ ಬರ್ತಾವ. ಸಿಲಿಕಾನ್ ಹಚ್ಚಲೇನ್ರಿ, ಇಲ್ಲಾ ಎಲ್ಲಾ ಸಲೂಷನ್ ಹಾಕಿ ಅಂಟಿಸಿಬಿಡ್ಲೇನು?

ಬೀದರ್_ಜಲಚರ:
ಎರಡೂ ಬ್ಯಾಡ್ರಿ. ಮೊದಲ್ ಆ ಎಂ-ಸೀಲ್ ಪೂರಾ ಕೆತ್ತಿ ತೆಗೀರಿ. ನೀರು ಒಳಗಿಂದ ತಳ್ಳೋವಾಗ ಹೊರಗ ಮೆತ್ತಿದ್ದು ಬಾಳ ದಿನ ಹಿಡಿಯಂಗಿಲ್ಲ, ಕೆಳಗ ಬಿರುಕು ಇದ್ರ ಅದನ್ನೂ ಮುಚ್ಚಿ ಇಡ್ತದ. ಸಲೂಷನ್ ಪಿವಿಸಿಗೆ ಪಿವಿಸಿ ಅಂಟಿಸ್ತದ. ಪಂಪಿನ ಬಾಡಿ ಪಾಲಿಪ್ರೊಪಿಲೀನ್ ಇದ್ರ ಅದಕ್ಕ ಹಿಡಿಯಂಗೇ ಇಲ್ಲ. ಹಿಡಿದ್ರೂ ನಾಳೆ ಪಂಪ್ ಬಿಚ್ಚಿ ತೊಳಿಯೋದು ಹ್ಯಾಂಗ?

ಎರಡು ಮೀಟರ್ ಎತ್ತರಕ್ಕ ನೀರು ಒಯ್ಯೋವಾಗ ಆ ಜಾಯಿಂಟಿನಾಗ ಒತ್ತಡ ಸುಮಾರು 0.2 ಬಾರ್ ಅಷ್ಟೇ. ಮಾಳಿಗಿ ಮ್ಯಾಲಿನ ಟಾಕಿಯಿಂದ ಕೆಳಗಿನ ನಳಕ್ಕ ಬರೋದು ಇದಕ್ಕಿಂತ ಜಾಸ್ತಿ ಇರ್ತದ. ಹಂಗಾಗಿ ಪಾನಾ ಹಿಡಿದು ಜೋರ್ ತಿರುವೋದ್ರಿಂದ ಉಪಯೋಗಿಲ್ಲ. ಎಂಟಿಎ ಥ್ರೆಡ್ ತುದಿಗೆ ಸಣ್ಣ, ಬುಡಕ್ಕ ದಪ್ಪ ಇದ್ರ ಬೆಣೆ ಹೊಡದಂಗ ಪ್ಲಾಸ್ಟಿಕ್ ಬಾಯಿ ಸೀಳ್ತದ. ಬ್ಯಾಟರಿ ಬೆಳಕು ಬಿಟ್ಟು ನೋಡ್ರಿ, ಬಾಯಿ ಉದ್ದಕ್ಕ ಕೂದಲಷ್ಟು ಗೆರಿ ಕಂಡ್ರ ಪಂಪಿನ ಮುಂದಿನ ಭಾಗ ಬದಲಿ ಮಾಡ್ಲೇಬೇಕು. ಅಲ್ಲಿ ಯಾವ ಅಂಟೂ ನಂಬಬ್ಯಾಡ್ರಿ.

ಬಿರುಕು ಇಲ್ಲಂದ್ರ ಹಳೇ ಟೇಪ್ ಹಲ್ಲಿನ ಬ್ರಷ್‌ಲೆ ತಿಕ್ಕಿ ತೆಗೆದು ಎರಡೂ ಥ್ರೆಡ್ ಒಣಗಿಸ್ರಿ. ಎಂಟಿಎ ತುದಿ ನಿಮ್ಮ ಕಡೆ ಹಿಡಿದು ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೆ ಟೇಪ್ ಸುತ್ರಿ. ಉಲ್ಟಾ ಸುತ್ತಿದ್ರ ಕೂಡಿಸೋವಾಗೇ ಬಿಚ್ಚಿಕೊಂಡು ಮುದ್ದಿ ಆಗ್ತದ. ತೆಳು ಟೇಪ್ ಆದ್ರ 4–5 ಸುತ್ತು, ಥ್ರೆಡ್ಡಿನ ಆಕಾರ ಮ್ಯಾಲೆ ಕಾಣೋಷ್ಟು ಎಳೆದು. ಮೊದಲನೇ ಥ್ರೆಡ್ ಬರೀ ಬಿಡ್ರಿ, ಇಲ್ಲಾಂದ್ರ ಟೇಪಿನ ಚೂರು ಇಂಪೆಲ್ಲರ್‌ಗೆ (ಪಂಪಿನ ಒಳಗ ತಿರುಗೋ ರೆಕ್ಕಿ) ಹೋಗ್ತದ. ಕೈಲೆ ಬಿಗಿ ಆದ ಮ್ಯಾಲೆ ಪಾನಾದಿಂದ ಅರ್ಧ ಸುತ್ತು, ಸಾಕು.

ಬಾಳ ಕಡೆ ಕೆಡೋದು ಇಲ್ಲೇ: ಎಲ್ಬೋ ದಿಕ್ಕು ಸರಿ ಬರಲಿಲ್ಲಂತ ಚೂರು ಹಿಂದಕ್ಕ ತಿರುವ್ತಾರ. ಹಿಂದಕ್ಕ ತಿರುವಿದ್ರ ಟೇಪ್ ಸಡಿಲ ಆಗಿ ನೀರಿಗೆ ದಾರಿ ಆಗ್ತದ. ಪೂರಾ ಬಿಚ್ಚಿ ಹೊಸ ಟೇಪ್ ಸುತ್ತಬೇಕು. ಎಂಟಿಎ ಆದ ಮ್ಯಾಲೆ ಒಂದು ಯೂನಿಯನ್ (ನಟ್ ತಿರುವಿ ಬಿಚ್ಚಿ ಕೂಡಿಸೋ ಜಾಯಿಂಟ್) ಹಾಕಿದ್ರ ದಿಕ್ಕಿನ ತ್ರಾಸೇ ಇರಂಗಿಲ್ಲ. ಪ್ಲಂಬರ್ ಥ್ರೆಡ್ಡಿಗೆ ಹಚ್ಚೋ ಸಣಬು, ಸಫೇದಾ ಮೀನಿನ ನೀರಿಗೆ ಬ್ಯಾಡೇ ಬ್ಯಾಡ.

ಇನ್ನೊಂದು, ಪಂಪ್ ಅಮೆರಿಕದ್ದಾಗಿದ್ರ ಅದರ ಥ್ರೆಡ್ ಎನ್‌ಪಿಟಿ (ಅಮೆರಿಕದ ಅಳತಿ), ನಮ್ಮ ಅಂಗಡ್ಯಾಗಿನ ಫಿಟಿಂಗ್ ಬಿಎಸ್‌ಪಿ (ಬ್ರಿಟಿಷ್ ಅಳತಿ). ಮುಕ್ಕಾಲ್ ಇಂಚಿನಾಗ ಎರಡಕ್ಕೂ ಇಂಚಿಗೆ 14 ಥ್ರೆಡ್, ಆದ್ರ ಥ್ರೆಡ್ಡಿನ ಹಲ್ಲಿನ ಕೋನ ಎನ್‌ಪಿಟಿಗೆ 60 ಡಿಗ್ರಿ, ಬಿಎಸ್‌ಪಿಗೆ 55. ತಿರುವಿದ್ರ ಕೂಡ್ತದ, ಸೋರೋದು ಮಾತ್ರ ನಿಲ್ಲಂಗಿಲ್ಲ. 1 ಇಂಚಿನಾಗ ಎನ್‌ಪಿಟಿಗೆ ಇಂಚಿಗೆ ಹನ್ನೊಂದೂವರೆ ಥ್ರೆಡ್, ಬಿಎಸ್‌ಪಿಗೆ 11, ಅದು ಎರಡು ಮೂರು ಸುತ್ತಿಗೇ ಸಿಕ್ಕೊಂಡು ನಿಲ್ತದ. ಹಂಗ ಆದ್ರ ಒತ್ತಾಯ ಮಾಡಬ್ಯಾಡ್ರಿ, ಸರಿಯಾದ ಅಡಾಪ್ಟರ್ ತರಿಸ್ರಿ.

ಯಾದಗಿರಿ_ಅಕ್ವಾ:
ಮೇಲಿನವರು ತಳ್ಳುವ ಕಡೆಯದನ್ನು ಸರಿಯಾಗಿ ಹೇಳಿದ್ದಾರೆ. ನನಗೆ ಹೆಚ್ಚು ಕಾಳಜಿ ಎಳೆಯುವ ಕಡೆಯದು. ಪಂಪ್ ನಡೆಯುವಾಗ ಒಣಗಿದ್ದು, ನಿಂತಾಗ ಒದ್ದೆಯಾಗಿ, ಟ್ಯಾಂಕಿನಲ್ಲಿ ಗುಳ್ಳೆಯೂ ಬರುತ್ತಿದ್ದರೆ ಆ ಜಾಯಿಂಟ್ ಗಾಳಿ ಎಳೆಯುತ್ತಿದೆ ಎಂದೇ ಹಿಡಿಯಬಹುದು. ಪಂಪ್ ನಡೆಯುತ್ತಿರುವಾಗ ಲೋಟದಿಂದ ಜಾಯಿಂಟ್ ಮೇಲೆ ನಿಧಾನಕ್ಕೆ ನೀರು ಬಿಡಿ, ಮೋಟಾರಿಗೂ ಪ್ಲಗ್ಗಿಗೂ ತಾಗದಂತೆ. ಆ ಹೊತ್ತಿಗೆ ಗುಳ್ಳೆ ಕಡಿಮೆಯಾದರೆ ಜಾಗ ಸಿಕ್ಕಿತು. ಕಡಿಮೆಯಾಗದಿದ್ದರೆ ಸಂಪಿನ ನೀರಿನ ಮಟ್ಟ ನೋಡಿ. ಪೈಪಿನ ಬಾಯಿ ಮೇಲೆ ಸುಳಿ ಎದ್ದರೂ ಗಾಳಿ ಹೋಗುತ್ತದೆ. ನೀರಿನ ವೇಗ ಕಡಿಮೆ ಮಾಡಬೇಕಾದರೆ ತಳ್ಳುವ ಕಡೆಯ ವಾಲ್ವ್ ತಿರುಗಿಸಿ. ಎಳೆಯುವ ಕಡೆಯದನ್ನು ಯಾವಾಗಲೂ ಪೂರ್ತಿ ತೆರೆದಿಡಿ.

ಪಾರದರ್ಶಕ ಪೈಪ್ ಹಾಕಿದ್ದರೆ ಅದನ್ನೂ ನೋಡಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಪೈಪ್ ಮೆತ್ತಗಾಗಿ ಕ್ಲಿಪ್ ಸಡಿಲವಾಗುತ್ತದೆ. ಹಿಗ್ಗಿದ ತುದಿಯನ್ನು ಒಂದು ಇಂಚು ನೇರವಾಗಿ ಕತ್ತರಿಸಿ, ಬಿಸಿನೀರಿನಲ್ಲಿ ಅದ್ದಿ ನಿಪ್ಪಲ್ (ಪೈಪ್ ಏರಿಸುವ ಕೊಳವೆ ತುದಿ) ಬುಡದವರೆಗೂ ತಳ್ಳಿ, ಸ್ಟೀಲ್ ಕ್ಲಿಪ್ ಎರಡು ಹಾಕಿ, ಸ್ಕ್ರೂಗಳು ಎದುರುಬದುರು ಇರಲಿ. ನಿಪ್ಪಲ್ಲಿಗೆ ಟೇಪ್ ಸುತ್ತಬೇಡಿ, ಪೈಪ್ ಜಾರುತ್ತದೆ.

ಕಲಬುರಗಿ_ಮತ್ಸ್ಯ:
ಬಾಳ ಉಪಕಾರ ಆಯ್ತ್ರಿ. ಬಿಚ್ಚಿ ನೋಡಿದೆ, ಪಂಪಿನ ಬಾಯಿಗೆ ಬಿರುಕಿಲ್ಲ. ಎಳಿಯೋ ಕಡೆ ಇರೋದು ಯೂನಿಯನ್. ಒಳಗಿನ ಕರೀ ರಿಂಗ್ ಚಪ್ಪಟಿ ಆಗ್ಯದ, ಸುತ್ತ ಬಿಳಿ ಸುಣ್ಣ ಕಟ್ಟಿದಂಗ ಅದ. ಅಲ್ಲೂ ಟೇಪ್ ಇತ್ತು. ವ್ಯಾಸಲಿನ್ ಹಚ್ಚಿ ಕೂಡಿಸ್ಲೇನು?

ಬೀದರ್_ಜಲಚರ:
ಯೂನಿಯನ್ನಿನಾಗ ನೀರು ತಡಿಯೋದು ಆ ರಿಂಗ್, ಥ್ರೆಡ್ ಅಲ್ಲ. ಟೇಪ್ ಹಾಕಿದ್ರ ನಟ್ ಪೂರಾ ಕೂಡದೆ ರಿಂಗ್ ಮ್ಯಾಲೆ ಒತ್ತು ಬೀಳಂಗಿಲ್ಲ. ಟೇಪ್ ತೆಗೀರಿ. ಚಪ್ಪಟಿ ಆದ ರಿಂಗ್ ಮತ್ತ ಬಳಸಬ್ಯಾಡ್ರಿ, ಹಳೇದನ್ನ ಅಂಗಡಿಗೆ ಒಯ್ದು ಒಳ ಅಳತಿ, ದಪ್ಪ ಎರಡೂ ಕೂಡೋದು ತರ್ರಿ. ಬಿಳಿ ಕಟ್ಟಿದ್ದು ಬೋರ್ ನೀರಿನ ಸುಣ್ಣ. ಒಂದು ಲೀಟರ್ ನೀರಿಗೆ ಎರಡು ಚಮಚ ನಿಂಬಿ ಉಪ್ಪು ಕಲಿಸಿ ಆ ಭಾಗ ಅರ್ಧ ತಾಸು ನೆನಿಸ್ರಿ, ಬ್ರಷ್‌ಲೆ ತಿಕ್ಕಿ ಚೊಲೋ ತೊಳೀರಿ. ಬ್ಲೇಡ್‌ಲೆ ಕೆರೆದ್ರ ರಿಂಗ್ ಕೂಡೋ ಜಾಗದಾಗ ಗೀರು ಬಿದ್ದು ಅಲ್ಲಿಂದೇ ಸೋರ್ತದ. ವ್ಯಾಸಲಿನ್ ಬ್ಯಾಡ, ಇಪಿಡಿಎಂ ರಬ್ಬರ್ ಇದ್ರ ಅದು ಉಬ್ಬಿ ಕೆಡ್ತದ. ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಿ, ನಟ್ ಕೈಲೇ ಬಿಗಿ ಮಾಡ್ರಿ.

ಯಾದಗಿರಿ_ಅಕ್ವಾ:
ಜೋಡಿಸಿದ ಮೇಲೆ ಎಲ್ಲವನ್ನೂ ಒರೆಸಿ, ಪ್ರತಿ ಜಾಯಿಂಟಿಗೂ ಒಂದೊಂದು ಟಿಶ್ಯೂ ಕಾಗದ ಸುತ್ತಿ ಅರ್ಧ ಗಂಟೆ ನಡೆಸಿ. ಮೇಲಿನ ಹನಿ ಪೈಪ್ ಹಿಡಿದು ಕೆಳಗಿಳಿಯುತ್ತದೆ, ಹಾಗಾಗಿ ಎಲ್ಲಕ್ಕಿಂತ ಮೇಲೆ ಒದ್ದೆಯಾದ ಕಾಗದವನ್ನು ನೋಡಿ. ಆಮೇಲೆ ಪಂಪ್ ನಿಲ್ಲಿಸಿ ಎಳೆಯುವ ಕಡೆ ಇನ್ನೊಮ್ಮೆ ನೋಡಿ, ನಿಮ್ಮ ಸೋರಿಕೆ ತೋರುವುದು ಆಗಲೇ. ಹಾಗೆಯೇ ಪಂಪಿನ ವೈರ್ ಪ್ಲಗ್ಗಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರುವಂತೆ ಬಿಡಿ, ಹನಿ ವೈರ್ ಹಿಡಿದು ಬಂದರೂ ಪ್ಲಗ್ ತಲುಪುವುದಿಲ್ಲ. ಆ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಅದನ್ನು ಹಾಕಿಸದೆ ಒದ್ದೆ ಕೈಯಲ್ಲಿ ಪಂಪ್ ಮುಟ್ಟಬೇಡಿ.