ಗೊಂಬೆ ಬೈದರೆ ಮಕ್ಕಳಿಗೆ ತೋರಿಸಬೇಕಾ, ಬೇಡವಾ?

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಒಬ್ಬ ತಾಯಿ ಇಂಗ್ಲೆಂಡಿನಲ್ಲಿರುವ ಕನ್ನಡಿಗರ ನಮ್ಮ ಈ ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು. ಅವರ ಆರು ವರ್ಷದ ಮಗ ಟಿವಿಯಲ್ಲಿ ಗೊಂಬೆಗಳ ಕಾರ್ಯಕ್ರಮ ನೋಡಿ 'ಡ್ಯಾಮ್', 'ಹೆಲ್' ಅನ್ನಲು ಕಲಿತಿದ್ದಾನೆ. ಊರಿಂದ ಬಂದಿದ್ದ ಅಜ್ಜಿಯ ಎದುರೇ ಅಂದಿದ್ದಾನೆ. ಮಕ್ಕಳದ್ದು ಅಂತ ನಂಬಿ ಹಾಕಿಕೊಟ್ಟರೆ ಹೀಗಾಯಿತಲ್ಲ, ಇನ್ನು ಗೊಂಬೆಗಳ ಸಹವಾಸವೇ ಬೇಡವಾ ಅಂತ ಅವರ ಸಂಕಟ.

ನಿಲ್ಲಿಸಬೇಡಿ. ಆದರೆ ಏನು ಬೇಕಾದರೂ ನೋಡಲಿ ಬಿಡಿ ಅಂತಲೂ ನಾನು ಹೇಳುತ್ತಿಲ್ಲ.

ಇಂಗ್ಲೆಂಡಿನಲ್ಲಿ ಶಾಲೆಗೆ ರಜೆ. ಮಕ್ಕಳ ಜೊತೆ ಹೊನ್ನಾವರಕ್ಕೆ ಬಂದಿದ್ದೇವೆ. ಹೊರಗೆ ಜೋರು ಮಳೆ, ಬಯಲಾಟ ಎಲ್ಲೂ ಇಲ್ಲ. ಮಕ್ಕಳು ಜಗಲಿಯಲ್ಲಿ ಕೂತು ಮೊಬೈಲಿನಲ್ಲೇ ಯಕ್ಷಗಾನ ನೋಡುತ್ತಾರೆ. ಈ ಪ್ರಶ್ನೆಯನ್ನು ಮನೆಯ ಹಿರಿಯರ ಮುಂದೆ ಇಟ್ಟೆ. ಅವರು ಕೇಳಿದ್ದು ಒಂದೇ ಮಾತು: 'ನಮ್ಮ ಆಟದಲ್ಲಿ ಬೈಗುಳ ಇಲ್ವಾ?' ಇದೆಯಲ್ಲ! 'ಎಲವೋ ಖೂಳಾ', 'ಭಂಡಾ', 'ಪಾತಕೀ', 'ನೀಚಾ' ಅಂತ ರಾತ್ರಿಯಿಡೀ ಕೇಳುತ್ತೇವೆ. ದುಶ್ಶಾಸನನ ಎದುರು ನಿಂತ ಭೀಮ ಮೆಲ್ಲಗೆ ಮಾತಾಡಿದರೆ ಯಾರು ಒಪ್ಪುತ್ತಾರೆ? ಗುಣವಂತೆಯ ಕೆರೆಮನೆ ಮೇಳ 1934ರಿಂದ ಆಟ ಆಡುತ್ತಿದೆ. ಚಾಪೆ ಹಾಸಿಕೊಂಡು ಅದನ್ನು ನೋಡುತ್ತಾ ಬೆಳೆದ ಮಕ್ಕಳೇ ಈಗ ಅಜ್ಜ ಅಜ್ಜಿ ಆಗಿದ್ದಾರೆ. ಆ ಬೈಗುಳ ಅವರನ್ನು ಕೆಡಿಸಲಿಲ್ಲ. ಸಿಟ್ಟಿಗೂ ಒಂದು ಭಾಷೆ ಇದೆ ಅಂತ ಕಲಿಸಿತು.

ಇನ್ನು ಗೊಂಬೆಗಳ ವಿಚಾರ. ಭಟ್ಕಳ ದಾಟಿ ಕುಂದಾಪುರದ ಕಡೆ ಹೋದರೆ ಉಪ್ಪಿನಕುದ್ರು ಸಿಗುತ್ತದೆ. ಅಲ್ಲಿ ಕೊಗ್ಗ ಕಾಮತರ ಮನೆತನ ಯಕ್ಷಗಾನವನ್ನೇ ಸೂತ್ರದ ಗೊಂಬೆಗಳಲ್ಲಿ ಆಡಿಸಿಕೊಂಡು ಬಂದಿದೆ. ಅದೇ ಭಾಗವತಿಕೆ, ಅದೇ ಚೆಂಡೆ ಮದ್ದಲೆ, ಅದೇ ಮಾತುಗಾರಿಕೆ. ಗೊಂಬೆಯ ಎತ್ತರ ಮಾತ್ರ ಸುಮಾರು ಒಂದೂವರೆ ಅಡಿ. ವೇಷಧಾರಿ ಆರ್ಭಟಿಸಿದರೆ ಅಮ್ಮನ ಸೆರಗಿಗೆ ಸೇರುವ ಮಗು, ಅಷ್ಟೇ ಮಾತನ್ನು ಗೊಂಬೆ ಆಡಿದರೆ ನಗುತ್ತದೆ. ಘಟ್ಟದಾಚೆಯ ತೊಗಲುಗೊಂಬೆಯಲ್ಲಂತೂ ಇದು ಇನ್ನೂ ಜಾಸ್ತಿ. ರಾಮಾಯಣದ ನಡುವೆಯೇ ಕಿಳ್ಳೇಕ್ಯಾತ, ಬಂಗಾರಕ್ಕ ಅನ್ನುವ ನಗಿಸುವ ಗೊಂಬೆಗಳು ಬಂದು ಪೋಲಿ ಮಾತಾಡಿ ಹೋಗುತ್ತಾರೆ. ಇಡೀ ಊರು ಕೂತು ನೋಡುವ ಆಟ ಅದು. ಆ ಕಲೆಯನ್ನು ಉಳಿಸಿಕೊಂಡು ಬಂದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಎಷ್ಟು ಸಂತೋಷದ ಸುದ್ದಿ ಅದು!

ನಾವಿರುವ ದೇಶದ ಗೊಂಬೆಗಳೂ ಸಾಧು ಅಲ್ಲ. ಸಮುದ್ರ ತೀರದಲ್ಲಿ ಮಕ್ಕಳನ್ನು ಕೂರಿಸಿ ಆಡಿಸುವ ಪಂಚ್ ಮತ್ತು ಜೂಡಿ ನೋಡಿದ್ದೀರಲ್ಲ. ಲಂಡನ್ನಿನ ಕಾವೆಂಟ್ ಗಾರ್ಡನ್‌ನಲ್ಲಿ ಅಂಥ ಗೊಂಬೆಯಾಟ ನೋಡಿದೆ ಅಂತ ಸ್ಯಾಮುಯೆಲ್ ಪೀಪ್ಸ್ 1662ರ ಮೇ ತಿಂಗಳಲ್ಲೇ ದಿನಚರಿಯಲ್ಲಿ ಬರೆದಿದ್ದಾನೆ. ಪಂಚ್ ಕೋಲು ಹಿಡಿದು ಹೆಂಡತಿಗೂ ಹೊಡೆಯುತ್ತಾನೆ, ಪೊಲೀಸನಿಗೂ ಹೊಡೆಯುತ್ತಾನೆ. ಬೈಗುಳಕ್ಕಿಂತ ಆ ಕೋಲೇ ನನಗೆ ಹೆಚ್ಚು ಕಿರಿಕಿರಿ.

ಟಿವಿಯ ಮಪ್ಪೆಟ್ ಗೊಂಬೆಗಳ ಕತೆ ಬೇರೆ. 1969ರಲ್ಲಿ ಅಮೆರಿಕದಲ್ಲಿ ಸೆಸಮಿ ಸ್ಟ್ರೀಟ್ ಅನ್ನುವ ಮಕ್ಕಳ ಕಾರ್ಯಕ್ರಮ ಶುರುವಾದ ಮೇಲೆ ಜಿಮ್ ಹೆನ್ಸನ್ ಅವರ ಗೊಂಬೆಗಳು ಪುಟ್ಟ ಮಕ್ಕಳಿಗೆ ಮಾತ್ರ ಅಂತ ಜನ ಅಂದುಕೊಂಡರು. ಹೆನ್ಸನ್ ಅವರಿಗೆ ಆ ಹೆಸರು ಬೇಕಿರಲಿಲ್ಲ. 1975ರಲ್ಲಿ ಅವರು ಮಾಡಿದ ಪ್ರಯೋಗದ ಕಂತಿನ ಹೆಸರಲ್ಲೇ 'ಸೆಕ್ಸ್ ಅಂಡ್ ವಯಲೆನ್ಸ್' ಅಂತ ಇತ್ತು. ಆಮೇಲೆ ಇಂಗ್ಲೆಂಡಿನ ಎಲ್‌ಸ್ಟ್ರೀಯಲ್ಲಿ ತಯಾರಾದ ಮಪ್ಪೆಟ್ ಷೋ 1976ರಿಂದ 1981ರವರೆಗೆ ಟಿವಿಯಲ್ಲಿ ಬಂತು. ಅದು ಮನೆಮಂದಿಗೆಲ್ಲ ಮಾಡಿದ್ದು, ಅಪ್ಪ ಅಮ್ಮನೂ ಸೇರಿ. ನಾವು ತಪ್ಪು ತಿಳಿಯುವುದು ಇಲ್ಲೇ. 'ಫ್ಯಾಮಿಲಿ' ಅಂತ ಬರೆದಿದ್ದರೆ ಮಗುವೊಂದನ್ನೇ ಎದುರಿಗೆ ಕೂರಿಸಿ ಅಡುಗೆಮನೆಗೆ ಹೋಗಬಹುದು ಅಂದುಕೊಳ್ಳುತ್ತೇವೆ. ಬ್ರಿಟನ್ನಿನಲ್ಲಿ ಸಿನಿಮಾಕ್ಕೆ ಕೊಡುವ 'ಯು' ಸರ್ಟಿಫಿಕೇಟಿನಲ್ಲೂ ತೀರಾ ಸೌಮ್ಯವಾದ ಬೈಗುಳ ಅಪರೂಪಕ್ಕೆ ಬರಬಹುದು. 'ಪಿಜಿ', ಅಂದರೆ ಅಪ್ಪ ಅಮ್ಮನ ಮಾರ್ಗದರ್ಶನ ಬೇಕು ಅನ್ನುವ ಸರ್ಟಿಫಿಕೇಟು, ಆದರೆ ಇನ್ನೂ ಸ್ವಲ್ಪ ಸಡಿಲ. ಟಿವಿ ಚಾನೆಲ್‌ಗಳಿಗೆ ರಾತ್ರಿ 9 ಗಂಟೆಯ ಗೆರೆ ಇದೆ, ಮಕ್ಕಳಿಗೆ ಆಗದ್ದನ್ನು ಅದಕ್ಕೂ ಮೊದಲು ತೋರಿಸುವಂತಿಲ್ಲ. ಆನ್‌ಲೈನಿನಲ್ಲಿ ಹಾಕಿಕೊಂಡು ನೋಡುವುದಕ್ಕೆ ಆ ಗೆರೆ ಇಲ್ಲ. ಗೆರೆ ಎಳೆಯುವವರು ನಾವೇ.

ಇಂಥ ಗೆರೆ ನಮ್ಮ ಊರಿಗೂ ಗೊತ್ತಿತ್ತು. ಅಂಕೋಲಾ ಕಡೆ ಸುಗ್ಗಿಯ ಹೊತ್ತಿಗೆ ಹಗರಣ ಅನ್ನುವ ಅಣಕು ವೇಷಗಳ ಆಟ ಬರುತ್ತದೆ. ಶಿರಸಿಯಲ್ಲಿ ಹೋಳಿಗೆ ಬೇಡರ ವೇಷ ಬೀದಿಗೆ ಇಳಿಯುತ್ತದೆ. ಹೋಳಿಯ ದಿನ ಕೂಗಿದ ಪೋಲಿ ಮಾತನ್ನು ಮರುದಿನ ಯಾರೂ ಕೂಗುವುದಿಲ್ಲ. ಯಾವ ಮಾತು ಯಾವಾಗ, ಎಲ್ಲಿ ಅನ್ನುವುದು ಇಲ್ಲಿಯ ಮಕ್ಕಳಿಗೆ ಹೇಳಿಕೊಡದೆಯೇ ಬರುತ್ತದೆ. ಸುತ್ತ ನೂರು ಜನ ಅದೇ ಭಾಷೆ ಆಡುತ್ತಾರಲ್ಲ. ಒಬ್ಬರು ನಗುತ್ತಾರೆ, ಇನ್ನೊಬ್ಬರು ಹುಬ್ಬು ಗಂಟಿಕ್ಕುತ್ತಾರೆ. ಮಗು ಅದನ್ನು ನೋಡಿಯೇ ಮಾತಿನ ತೂಕ ತಿಳಿಯುತ್ತದೆ.

ಹೊರದೇಶದಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಇಂಗ್ಲಿಷ್ ಮಾತಿನ ತೂಕ ಶಾಲೆಯ ಅಂಗಳದಲ್ಲಿ ಸಿಗುತ್ತದೆ. ಕನ್ನಡದ ಮಾತಿನ ತೂಕ ಹೇಳುವವರು ಅಪ್ಪ, ಅಮ್ಮ ಮತ್ತು ಒಂದು ಪರದೆ. ಅಷ್ಟೇ. ಕಾರವಾರದ ಭಾವ ಮೈದುನರ ಜೊತೆ ಆಡಿ ಬಂದ ಮಗು ಕೊಂಕಣಿಯದ್ದೊಂದು, ಕನ್ನಡದ್ದೊಂದು ಬೈಗುಳ ಹೊತ್ತು ತರುತ್ತದೆ. ಯಾವುದು ತಮಾಷೆ, ಯಾವುದು ಎದೆಗೆ ಚುಚ್ಚುವಂಥದ್ದು ಅಂತ ಅದಕ್ಕೆ ತಿಳಿಯುವುದಿಲ್ಲ. ನನಗೆ 'ಡ್ಯಾಮ್'ಗಿಂತ ಇದರದ್ದೇ ಚಿಂತೆ.

ಅದಕ್ಕಿಂತಲೂ ದೊಡ್ಡದು ಒಂದಿದೆ. 2021ರಲ್ಲಿ ಡಿಸ್ನಿ ಪ್ಲಸ್ ಮಪ್ಪೆಟ್ ಷೋವನ್ನು ಮತ್ತೆ ತಂದಾಗ ಕೆಲವು ಕಂತುಗಳ ಮೊದಲು ಒಂದು ಎಚ್ಚರಿಕೆ ಹಾಕಿತು. ಅದು ಬೈಗುಳದ ಬಗ್ಗೆ ಅಲ್ಲ. ಬೇರೆ ಬೇರೆ ಜನರನ್ನೂ ಸಂಸ್ಕೃತಿಗಳನ್ನೂ ಕೀಳಾಗಿ ತೋರಿಸಿದ್ದರ ಬಗ್ಗೆ. ಅದು ಸರಿಯಾದ ಎಚ್ಚರಿಕೆ ಅಂತ ನನಗನ್ನಿಸಿತು. ನಮ್ಮ ಹಾಸ್ಯದಲ್ಲಿ ತೊದಲುವವರನ್ನು, ಕುಂಟುವವರನ್ನು, ಒಂದು ಜಾತಿಯವರ ಮಾತಿನ ಧಾಟಿಯನ್ನು ಅಣಕಿಸಿ ನಗಿಸುವುದು ಎಷ್ಟು ಸಲೀಸಾಗಿ ನಡೆಯುತ್ತದೆ ಅಲ್ವಾ? ಅಲ್ಲಿ ಒಂದೂ ಕೆಟ್ಟ ಪದ ಇರುವುದಿಲ್ಲ. ಯಾರೂ ಟಿವಿ ಆರಿಸುವುದಿಲ್ಲ. 'ಖೂಳಾ' ಅನ್ನುವ ರಾವಣ ತನಗೆ ಸಮನಾದ ಎದುರಾಳಿಗೆ ಬೈಯುತ್ತಾನೆ, ತಿರುಗಿ ಬೈಸಿಕೊಳ್ಳುತ್ತಾನೆ. ತೊದಲುವ ಸೇವಕನನ್ನು ಅಣಕಿಸಿದರೆ ತಿರುಗಿ ಹೇಳಲು ಅವನಿಗೆ ಬಾಯಿಯೇ ಇಲ್ಲ. ಮಗು ಅದನ್ನು ನೋಡಿ ನಕ್ಕರೆ, ನಾಳೆ ತರಗತಿಯಲ್ಲಿ ತೊದಲುವ ಹುಡುಗನ ಎದುರೂ ನಗುತ್ತದೆ.

ಹಾಗಾಗಿ ಆ ತಾಯಿಗೆ ನನ್ನ ಸಲಹೆ: ಮಗನ ಜೊತೆ ಕೂತು ನೋಡಿ. 'ಡ್ಯಾಮ್' ಬಂದರೆ ಗಾಬರಿ ಬೇಡ, ಗಾಬರಿಯಾದಷ್ಟೂ ಅವನಿಗೆ ಅದು ರುಚಿ. 'ದೊಡ್ಡವರು ಸಿಟ್ಟು ಬಂದಾಗ ಅನ್ನುತ್ತಾರೆ, ಅಜ್ಜಿಯ ಹತ್ತಿರ ಅನ್ನಬಾರದು' ಅಂತ ಒಮ್ಮೆ ಹೇಳಿ ಮುಂದೆ ಹೋಗಿ. ಯಾರನ್ನಾದರೂ ಹೀಯಾಳಿಸುವ ದೃಶ್ಯ ಬಂದರೆ ಮಾತ್ರ ನಿಲ್ಲಿಸಿ, ಅಲ್ಲಿ ಜಾಸ್ತಿ ಮಾತಾಡಿ.

ದೀಪಾವಳಿಗೆ ಮಕ್ಕಳಿಂದ ಗೊಂಬೆಯಾಟ ಮಾಡಿಸುವ ಮಾತು ನಮ್ಮಲ್ಲಿ ನಡೆದಿದೆಯಲ್ಲ. ಮಾತು ಬರೆದುಕೊಡುವವರಲ್ಲಿ ಒಂದು ಬೇಡಿಕೆ. ಎಲವೋ, ಭಂಡ, ಖೂಳ ಎಲ್ಲ ಇರಲಿ, ಮಕ್ಕಳು ಗಂಟಲು ಬಿಟ್ಟು ಹೇಳಲಿ. ತೊದಲುವ ಸೇವಕ ಮಾತ್ರ ಬೇಡ. ಅವನ ಬದಲು ನಗಿಸುವ ಪಾತ್ರ ಯಾವುದಿರಬಹುದು ಅಂತ ಹೊಳೆದರೆ ಇಲ್ಲೇ ಬರೆಯಿರಿ.