‘ಹೀರಿಕೊಳ್ಳುವ ಸ್ಪಂಜು’ ಸರಿಯೇ, ‘ಅರಗುವ ಸ್ಪಂಜು’ ಸರಿಯೇ?

ಮಾನ್ಯರೇ,

ಕಿವಿ, ಮೂಗು, ಗಂಟಲಿನ ಚಿಕಿತ್ಸೆಯ ನಂತರ ರೋಗಿಗಳ ಕೈಗೆ ಕೊಡುವ ಕನ್ನಡ ಸೂಚನಾಪತ್ರವೊಂದನ್ನು ತಿದ್ದುತ್ತಿದ್ದೇನೆ. ರಕ್ತ ನಿಲ್ಲಿಸಲು ಒಳಗೇ ಇಟ್ಟುಬಿಡುವ ‘ಅಬ್ಸಾರ್ಬಬಲ್’ (ಎಂದರೆ ಮೈಯೇ ಹೀರಿಕೊಂಡುಬಿಡುವಂಥ) ಜೆಲಾಟಿನ್ ಸ್ಪಂಜನ್ನು ಅದರಲ್ಲಿ ‘ಹೀರಿಕೊಳ್ಳುವ ಸ್ಪಂಜು’ ಎಂದು ಬರೆದಿದ್ದಾರೆ. ಮೂಗಿನಿಂದ ರಕ್ತ ಸೋರಿ ಚಿಕಿತ್ಸೆ ಪಡೆದಿದ್ದ ಹುಡುಗನ ತಾಯಿಯೊಬ್ಬರು ಆ ಸಾಲಿನ ಮೇಲೆ ಬೆರಳಿಟ್ಟು, ‘ಇದು ರಕ್ತ ಹೀರಿದ ಮೇಲೆ ತೆಗೆಸೋಕೆ ಯಾವತ್ತು ಬರಬೇಕು?’ ಎಂದು ಕೇಳಿದರು. ಅವರು ಅರ್ಥ ಮಾಡಿಕೊಂಡದ್ದರಲ್ಲಿ ತಪ್ಪಿರಲಿಲ್ಲ, ಬರೆದ ಪದವೇ ಹಾಗಿತ್ತು.

‘ಓದುವ ಹುಡುಗ’, ‘ಓದುವ ಪುಸ್ತಕ’ ಎರಡೂ ಸಲ್ಲುವ ಕನ್ನಡದಲ್ಲಿ ‘ಹೀರಿಕೊಳ್ಳುವ’ ಎಂದಾಗ ಹೀರುವುದು ಸ್ಪಂಜೋ ಮೈಯೋ ಎಂಬುದು ತಿಳಿಯುವುದಿಲ್ಲ. ಜೆಲಾಟಿನ್ ಸ್ಪಂಜು ತನ್ನ ತೂಕದ ಹಲವು ಪಟ್ಟು ರಕ್ತವನ್ನು ನಿಜವಾಗಿಯೂ ಹೀರಿ ಹಿಡಿದಿಡುವುದರಿಂದ ತೊಡಕು ಇನ್ನೂ ಹೆಚ್ಚುತ್ತದೆ. ಆಮೇಲೆ ಅದು ಮೂಗಿನ ಲೋಳೆಪೊರೆಯ ಮೇಲಾದರೆ 2ರಿಂದ 5 ದಿನಗಳಲ್ಲಿ ನೀರಾಗುತ್ತದೆ, ಅಂಗಾಂಶದೊಳಗೆ ಉಳಿದರೆ 4ರಿಂದ 6 ವಾರಗಳಲ್ಲಿ ಇಲ್ಲವಾಗುತ್ತದೆ. ಕಿವಿತಮಟೆಗೆ ಹೊಸ ಪೊರೆ ಕೂರಿಸುವಾಗ ಅದಕ್ಕೆ ಆಸರೆಯಾಗಿ ಮಧ್ಯಕಿವಿಯಲ್ಲಿ ಇಡುವುದೂ ಇದರ ಚೂರುಗಳನ್ನೇ. ಆದರೆ ಮೂಗಿಗೆ ತುಂಬುವ ಗಾಜ್ (ತೆಳು ಜಾಳು ಬಟ್ಟೆಯ) ಪಟ್ಟಿಯನ್ನು ಮರೆಯದೆ ತೆಗೆಸಲೇಬೇಕು. ಒಳಗೇ ಉಳಿದರೆ ಸೋಂಕಾಗುತ್ತದೆ. ರೋಗಿಗೆ ತಿಳಿಯಲೇಬೇಕಾದ ಈ ವ್ಯತ್ಯಾಸವನ್ನು ಆ ಒಂದು ಪದ ಮರೆಮಾಡುತ್ತಿದೆ.

‘ಕರಗುವ ಹೊಲಿಗೆ’ ಎಂಬುದು ಜನರ ಬಾಯಲ್ಲಿ ಆಗಲೇ ನೆಲೆಯೂರಿರುವುದರಿಂದ ‘ಕರಗುವ ಸ್ಪಂಜು’ ಸುಲಭವಾಗಿ ತಿಳಿಯುತ್ತದೆ. ಆದರೂ ನನ್ನ ಮನಸ್ಸು ‘ಅರಗು’ ಎಂಬುದರ ಕಡೆಗೇ ಇದೆ. ಜೆಲಾಟಿನ್ ಒಂದು ಪ್ರೋಟೀನು. ಸಕ್ಕರೆ ನೀರಿನಲ್ಲಿ ಕರಗಿದಂತಲ್ಲದೆ, ಉಂಡ ಅನ್ನದಂತೆ ಕಿಣ್ವಗಳ ಕೆಲಸದಿಂದ ಒಡೆದು ಮೈಗೆ ಸೇರುತ್ತದೆ. ರಕ್ತ ನಿಲ್ಲಿಸಲು ಬಳಸುವ ಇನ್ನೊಂದು ವಸ್ತುವಾದ, ರಕ್ತ ತಾಗಿದೊಡನೆ ಕಪ್ಪು ಲೋಳೆಯಾಗುವ ಆಕ್ಸಿಡೀಕೃತ ಸೆಲ್ಯುಲೋಸ್ ಬಟ್ಟೆಗೆ ಮಾತ್ರ ‘ಕರಗು’ ಹೆಚ್ಚು ಒಪ್ಪುತ್ತದೇನೋ.

‘ಹೀಮೋಸ್ಟ್ಯಾಟಿಕ್’ ಎಂಬುದಕ್ಕೆ ‘ರಕ್ತಸ್ತಂಭಕ’ ಎಂಬ ಪದವಿದ್ದರೂ ಪತ್ರಿಕೆಗಳಲ್ಲಿ ‘ಹೃದಯಸ್ತಂಭನ’ವನ್ನು ಓದಿದವರಿಗೆ ಅದು ಭಯ ಹುಟ್ಟಿಸುತ್ತದೆ, ‘ರಕ್ತ ನಿಲ್ಲಿಸುವ’ ಎಂದರೆ ಸಾಕು.

ಆದ್ದರಿಂದ ‘ರಕ್ತ ನಿಲ್ಲಿಸಿ ಮೈಯಲ್ಲೇ ಅರಗುವ ಸ್ಪಂಜು, ಇದನ್ನು ತೆಗೆಸಬೇಕಾಗಿಲ್ಲ’ ಎಂದು ತಿದ್ದಲು ಯೋಚಿಸಿದ್ದೇನೆ. ನಿಮ್ಮ ಕಡೆ ‘ಅರಗು’ ಎಂಬುದು ಊಟಕ್ಕೆ ಮಾತ್ರ ಸಲ್ಲುತ್ತದೆಯೇ? ಕಲಬುರಗಿ, ಧಾರವಾಡ, ಕರಾವಳಿಯ ಕಡೆಯವರು ಇದಕ್ಕೆ ಬೇರೆ ಮಾತು ಬಳಸುವುದಿದ್ದರೆ ದಯವಿಟ್ಟು ತಿಳಿಸಬೇಕು.