ರಾತ್ರಿಗೆ ಹಗುರವಾದ ಅಡುಗೆ, ಮಲಗುವ ಮುನ್ನ ದಪ್ಪ ಕಾದಂಬರಿ: ಮುಂಬಯಿ, ಪುಣೆ, ಗೋವೆಯ ಮನೆಗಳ ಅನುಭವ

ಡೊಂಬಿವಲಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಕಡೆಯವಳು, ಮದುವೆಯಾದ ಮೇಲೆ ಡೊಂಬಿವಲಿಯಲ್ಲಿ ನೆಲೆಸಿದ್ದೇನೆ. ಫೋರ್ಟ್ ಭಾಗದ ಕಚೇರಿಯಿಂದ ಲೋಕಲ್ ಹಿಡಿದು ಮನೆ ಮುಟ್ಟುವ ಹೊತ್ತಿಗೆ ರಾತ್ರಿ ಎಂಟು ದಾಟಿರುತ್ತದೆ. ಮನೆಯಲ್ಲಿ ಮಾವನವರು, ಪತಿ ಮತ್ತು ಹತ್ತು ವರ್ಷದ ಮಗ ಇದ್ದಾರೆ. ಮಾವನವರ ರಕ್ತದೊತ್ತಡ ಏರಿರುವುದರಿಂದ ಎಣ್ಣೆ, ಉಪ್ಪು ಎರಡನ್ನೂ ಇಳಿಸಬೇಕೆಂದು ವೈದ್ಯರು ಹೇಳಿದ್ದಾರೆ. ಆದರೆ ರಾತ್ರಿ ಬಿಸಿ ಜೋಳದ ರೊಟ್ಟಿ ಇಲ್ಲದಿದ್ದರೆ ಅವರಿಗೆ ಊಟ ಮಾಡಿದಂತೆಯೇ ಆಗುವುದಿಲ್ಲ.

ಇನ್ನೊಂದನ್ನು ಸ್ವಲ್ಪ ಸಂಕೋಚದಿಂದಲೇ ಕೇಳುತ್ತಿದ್ದೇನೆ. ಮಾಂತ್ರಿಕರು, ಡ್ರ್ಯಾಗನ್‌ಗಳು, ಭೂಪಟದಲ್ಲಿಲ್ಲದ ರಾಜ್ಯಗಳು ತುಂಬಿರುವ ಫ್ಯಾಂಟಸಿ ಕಾದಂಬರಿಗಳೆಂದರೆ ನನಗೆ ಕಾಲೇಜಿನ ದಿನಗಳಿಂದಲೂ ಪ್ರಾಣ. ಈಗ ಪಾತ್ರೆ ತೊಳೆದು ಹಾಸಿಗೆ ಸೇರಿ ಪುಸ್ತಕ ತೆರೆದರೆ ನಾಲ್ಕು ಪುಟಕ್ಕೆ ನಿದ್ದೆ ಬರುತ್ತದೆ, ಮುಂದಿನ ವಾರ ತೆರೆಯುವಾಗ ಯಾರು ಯಾವ ರಾಜ್ಯದವರೆಂಬುದೇ ಮರೆತಿರುತ್ತದೆ. ಅಡುಗೆಯನ್ನು ಹಗುರ ಮಾಡಿಕೊಂಡು ಓದಿಗೂ ಹೊತ್ತು ಉಳಿಸಿಕೊಂಡವರು ಇದ್ದರೆ ದಯವಿಟ್ಟು ತಮ್ಮ ಅನುಭವವನ್ನು ತಿಳಿಸಬೇಕು.

ಮಾಟುಂಗಾದಿಂದ

ಸೋದರಿ, ಸಂಕೋಚಪಡುವ ಅಗತ್ಯವೇನೂ ಇಲ್ಲ. ನಾನು ನಿವೃತ್ತಳಾದ ಮೇಲೂ ಡ್ರ್ಯಾಗನ್‌ಗಳ ಸಹವಾಸ ಬಿಟ್ಟಿಲ್ಲ. ನೌಕರಿಯಲ್ಲಿದ್ದಾಗ ನಿಮ್ಮದೇ ಸ್ಥಿತಿ ನನ್ನದೂ ಆಗಿತ್ತು, ಆಗ ಕಂಡುಕೊಂಡದ್ದನ್ನು ಹೇಳುತ್ತೇನೆ. ಅಡುಗೆಯನ್ನು ಎಣ್ಣೆಯ ಲೆಕ್ಕದಿಂದ ಮಾತ್ರ ಹಗುರವೆಂದು ಕರೆದರೆ ಸಾಲದು, ನಾವು ಒಲೆಯ ಮುಂದೆ ಎಷ್ಟು ಹೊತ್ತು ನಿಂತಿರಬೇಕು ಎಂಬುದನ್ನೂ ನೋಡಬೇಕು. ಕಾವಲಿಯ ಮೇಲೆ ಮಾಡುವ ಎಲ್ಲವೂ, ದೋಸೆಯಾಗಲಿ ಚಪಾತಿಯಾಗಲಿ, ಕೊನೆಯವರ ತಟ್ಟೆ ತುಂಬುವವರೆಗೂ ನಮ್ಮ ಕೈಯನ್ನು ಬೇಡುತ್ತವೆ. ಹಬೆಯಲ್ಲಿ ಬೇಯುವುದು ಮತ್ತು ಕುಕ್ಕರಿನಲ್ಲಿ ಬೇಯುವುದು ನಮ್ಮನ್ನು ಬಿಟ್ಟುಕೊಡುತ್ತವೆ. ಸುದೈವವಶಾತ್ ಎಣ್ಣೆ ಕಡಿಮೆ ಬೇಡುವ ಅಡುಗೆಗಳೂ ಬಹುಮಟ್ಟಿಗೆ ಇವೇ.

ನುಚ್ಚಿನುಂಡೆಯನ್ನೇ ತೆಗೆದುಕೊಳ್ಳಿ. ತೊಗರಿಬೇಳೆಯನ್ನು ಬೆಳಿಗ್ಗೆ ನೆನೆಹಾಕಿ ಫ್ರಿಜ್ಜಿನಲ್ಲಿಟ್ಟು ಹೋದರೆ ಸಂಜೆ ನೀರು ಬಸಿದು, ಹಸಿಮೆಣಸು ಮತ್ತು ಶುಂಠಿಯೊಡನೆ ನೀರು ಸೋಕಿಸದೆ ತರಿತರಿಯಾಗಿ ತಿರುವಿ, ಹೆಚ್ಚಿದ ಸಬ್ಬಸಿಗೆ ಸೊಪ್ಪನ್ನು ಕೈತುಂಬ ಬೆರೆಸಿ ಉಂಡೆ ಕಟ್ಟಿದರೆ ಆಯಿತು. ಇಲ್ಲಿನ ಮಂಡಿಯಲ್ಲಿ ಸಬ್ಬಸಿಗೆಯನ್ನು ಶೇಪು ಎಂದು ಕೇಳಬೇಕು. ಇಡ್ಲಿ ಪಾತ್ರೆಯಲ್ಲಿ ಹದಿನೈದು ನಿಮಿಷ ಹಬೆಯಾಡಿಸಿದರೆ ಬೆಂದಿರುತ್ತದೆ, ಜೊತೆಗೆ ಮಜ್ಜಿಗೆಹುಳಿ ಇದ್ದರೆ ಬೇರೇನೂ ಬೇಡ. ಎಣ್ಣೆ ಬೇಕಾಗುವುದು ಮಜ್ಜಿಗೆಹುಳಿಯ ಒಗ್ಗರಣೆಗೆ ಒಂದು ಚಮಚ ಮಾತ್ರ. ಆ ಹದಿನೈದು ನಿಮಿಷವನ್ನು ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು ಓದುವುದಕ್ಕೆ ಬಳಸುತ್ತಿದ್ದೆ. ಪಾತ್ರೆಯ ತಳದ ನೀರಿನಲ್ಲಿ ಒಂದು ಹಳೆಯ ನಾಣ್ಯವನ್ನು ಹಾಕಿಡಿ. ನೀರು ಕುದಿಯುವಷ್ಟು ಕಾಲ ಅದು ಟಣಟಣ ಸದ್ದು ಮಾಡುತ್ತದೆ, ಸದ್ದು ನಿಂತರೆ ನೀರು ಬತ್ತಿದೆಯೆಂದು ತಿಳಿದು ಪುಸ್ತಕದಿಂದ ತಲೆ ಎತ್ತಬಹುದು.

ಇಂತಹ ತುಂಡು ಹೊತ್ತುಗಳಿಗೆ ಪುಸ್ತಕವನ್ನೂ ನೋಡಿ ಆರಿಸಬೇಕಾಗುತ್ತದೆ. ಟೆರ್ರಿ ಪ್ರ್ಯಾಚೆಟ್ ಅವರ ಡಿಸ್ಕ್‌ವರ್ಲ್ಡ್ ಮಾಲೆಯಲ್ಲಿ 1983ರಿಂದ 2015ರವರೆಗೆ 41 ಕಾದಂಬರಿಗಳು ಬಂದಿವೆ, ಅವುಗಳಲ್ಲಿ ಬಹುಪಾಲನ್ನು ಬಿಡಿಬಿಡಿಯಾಗಿಯೇ ಓದಬಹುದು. ಹೆಚ್ಚಿನವುಗಳಲ್ಲಿ ಅಧ್ಯಾಯಗಳ ವಿಂಗಡಣೆಯೇ ಇಲ್ಲ, ಚಿಕ್ಕಚಿಕ್ಕ ದೃಶ್ಯಗಳಾಗಿ ಕಥೆ ಸಾಗುವುದರಿಂದ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಅರ್ಸುಲಾ ಲೆ ಗ್ವಿನ್ ಅವರು 1968ರಲ್ಲಿ ಬರೆದ ಅರ್ಥ್‌ಸೀ ಮಾಲೆಯ ಮೊದಲ ಕಾದಂಬರಿ ತೆಳ್ಳಗಿದೆ, ಗಂಭೀರವಾಗಿದೆ. ವಸ್ತುವಿನ ನಿಜನಾಮ ಬಲ್ಲವನಿಗೆ ಅದು ವಶವಾಗುತ್ತದೆಂಬ ಅದರ ಮಂತ್ರವಿದ್ಯೆ, ನಾಮಸ್ಮರಣೆಯ ನಡುವೆ ಬೆಳೆದ ನಮ್ಮಂಥವರಿಗೆ ಬೇಗನೆ ಹಿಡಿಸುತ್ತದೆ.

ಪುಣೆಯ ಕೊಥರೂಡಿನಿಂದ

ನಮ್ಮ ಮನೆಯಲ್ಲಿ ರಾತ್ರಿಯ ಅಡುಗೆ ನನ್ನದು, ಆದ್ದರಿಂದ ಬರೆಯುವ ಅಧಿಕಾರವಿದೆಯೆಂದು ಭಾವಿಸುತ್ತೇನೆ. ಮಾಟುಂಗಾದ ಹಿರಿಯರ ಮಾತನ್ನು ಒಪ್ಪುತ್ತೇನೆ. ಅಡುಗೆಮನೆಯಲ್ಲಿ ಓದುವುದನ್ನು ಮಾತ್ರ ಒಪ್ಪಲಾರೆ. ಅರ್ಧ ಗಮನದಲ್ಲಿ ಓದಿದ ಯುದ್ಧದಲ್ಲಿ ಯಾರು ಗೆದ್ದರೆಂಬುದು ಆಮೇಲೆ ನೆನಪಿರುವುದಿಲ್ಲ.

ಮೊದಲು ರೊಟ್ಟಿಯ ವಿಚಾರ. ಮಾವನವರ ರೊಟ್ಟಿಯನ್ನು ತಪ್ಪಿಸುವ ಅಗತ್ಯವೇ ಇಲ್ಲ. ಜೋಳದ ಹಿಟ್ಟು, ಕುದಿಯುವ ಎಸರು, ಕೈಯ ಬಲ ಇವಿಷ್ಟರಿಂದ ಆಗುವ ರೊಟ್ಟಿಯಲ್ಲಿ ಎಣ್ಣೆಯ ಹನಿಯೂ ಇರುವುದಿಲ್ಲ, ಉಪ್ಪನ್ನೂ ಹಲವರು ಹಾಕುವುದಿಲ್ಲ. ತೊಂದರೆ ಇರುವುದು ಅದರ ಪಕ್ಕದಲ್ಲಿ ಬಂದು ಕೂರುವ ಎಣ್ಣೆಗಾಯಿ, ಹಪ್ಪಳ, ಉಪ್ಪಿನಕಾಯಿ ಮತ್ತು ಶೇಂಗಾ ಚಟ್ನಿಪುಡಿಗಳಲ್ಲಿ. ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಹೆಚ್ಚುಕಡಿಮೆ ಒಂದು ಸಣ್ಣ ಚಮಚ, ಉಪ್ಪಿನಕಾಯಿ, ಹಪ್ಪಳಗಳ ಉಪ್ಪೂ ಸೇರಿ. ಅಂಗಡಿಯಲ್ಲಿ ಸಿಗುವ ಸೋಡಿಯಂ ಕಡಿಮೆಯಿರುವ ಉಪ್ಪನ್ನು ವೈದ್ಯರನ್ನು ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಷಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೂ ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ನುಂಗುವವರಿಗೂ ಅದು ಅಪಾಯಕಾರಿಯಾಗಬಹುದು.

ಎಣ್ಣೆಯನ್ನು ಒಗ್ಗರಣೆಯ ಸೌಟಿನಲ್ಲಿ ಅಳೆಯುವ ಬದಲು ತಿಂಗಳ ಡಬ್ಬಿಯಲ್ಲಿ ಅಳೆಯಿರಿ. ನಾಲ್ವರ ಮನೆಯಲ್ಲಿ ತಿಂಗಳಿಗೆ 4 ಲೀಟರ್ ಖರ್ಚಾದರೆ ತಲೆಗೆ ದಿನಕ್ಕೆ 33 ಮಿಲಿಲೀಟರ್ ಬೀಳುತ್ತದೆ, ಅಂದರೆ ಆರು ಸಣ್ಣ ಚಮಚಕ್ಕೂ ಹೆಚ್ಚು. ಪ್ರತಿ ಚಮಚಕ್ಕೆ ಸುಮಾರು 40 ಕ್ಯಾಲೊರಿ. ಡಬ್ಬಿಯನ್ನು 2 ಲೀಟರಿಗೆ ಇಳಿಸಿ ತಿಂಗಳಿನ ಕೊನೆಯವರೆಗೆ ಎಳೆಯುವುದೇ ನಮ್ಮ ಮನೆಯ ಏಕೈಕ ನಿಯಮ. ಯಾವ ದಿನ ಬಜ್ಜಿ, ಯಾವ ದಿನ ಬರಿಯ ಸಾರು ಎಂಬುದನ್ನು ಡಬ್ಬಿಯೇ ತೀರ್ಮಾನಿಸುತ್ತದೆ, ಯಾರೂ ಯಾರನ್ನೂ ಬಯ್ಯಬೇಕಾಗಿಲ್ಲ.

ರೊಟ್ಟಿ ಬಡಿಯುವ ಶ್ರಮಕ್ಕೆ ಪುಣೆಯಲ್ಲಿ ನಮಗೆ ಪೋಳಿ-ಭಾಜಿ ಕೇಂದ್ರಗಳ ಅನುಕೂಲವಿದೆ. ಸಂಜೆ ಹೋದರೆ ಬಿಸಿ ಭಾಕರಿಯನ್ನು ಕಟ್ಟಿಕೊಡುತ್ತಾರೆ. ಡೊಂಬಿವಲಿಯೂ ಮರಾಠಿ ಕುಟುಂಬಗಳ ಊರೇ ಆದ್ದರಿಂದ ನಿಮ್ಮ ಓಣಿಯಲ್ಲೂ ವಿಚಾರಿಸಿ ನೋಡಿ. ಜೊತೆಗೆ ಕಡಲೆಹಿಟ್ಟಿನ ತೆಳುವಾದ ಪಿಠಲೆ ಮಾಡಿದರೆ ಹತ್ತು ನಿಮಿಷದ ಕೆಲಸ. ಗಟ್ಟಿಯಾದ ಝುಣಕ ಎಣ್ಣೆ ಕುಡಿಯುವಷ್ಟು ಪಿಠಲೆ ಕುಡಿಯುವುದಿಲ್ಲ.

ಓದಿನ ವಿಷಯದಲ್ಲಿ ನನ್ನದು ಒಂದೇ ಸಲಹೆ, ಮುಗಿದಿರುವ ಮಾಲೆಯನ್ನೇ ಹಿಡಿಯಿರಿ. ಜಾರ್ಜ್ ಮಾರ್ಟಿನ್ ಅವರ ಪ್ರಸಿದ್ಧ ಮಾಲೆ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ 1996ರಲ್ಲಿ ಆರಂಭವಾಗಿ ಐದನೆಯ ಸಂಪುಟ 2011ರಲ್ಲಿ ಬಂದಿತು, ಆರನೆಯದಕ್ಕೆ ಓದುಗರು ಕಾದೇ ಇದ್ದಾರೆ. ವಿರಾಮವೇ ಇಲ್ಲದ ಗೃಹಿಣಿಗೆ ಇಂತಹ ವಿರಹ ಬೇರೆ ಯಾಕೆ? ರಾಬರ್ಟ್ ಜೋರ್ಡನ್ ಅವರ ಕಾಲಚಕ್ರದ (ದಿ ವ್ಹೀಲ್ ಆಫ್ ಟೈಮ್) ಮಾಲೆ 1990ರಿಂದ 2013ರವರೆಗೆ 14 ಸಂಪುಟಗಳಲ್ಲಿ ಸಂಪೂರ್ಣವಾಗಿದೆ. ಲೇಖಕರು 2007ರಲ್ಲಿ ತೀರಿಕೊಂಡಾಗ ಅವರ ಟಿಪ್ಪಣಿಗಳನ್ನಿಟ್ಟುಕೊಂಡು ಬ್ರ್ಯಾಂಡನ್ ಸ್ಯಾಂಡರ್‌ಸನ್ ಕೊನೆಯ ಸಂಪುಟಗಳನ್ನು ಪೂರೈಸಿದರು. ಉದ್ದ ವಿಪರೀತ, ಮಧ್ಯದ ಕೆಲವು ಸಂಪುಟಗಳಂತೂ ನನಗೆ ಬೇಸರ ತರಿಸಿದವು; ಆದರೂ ತುದಿ ಮುಟ್ಟುತ್ತೇವೆಂಬ ಭರವಸೆ ಅಲ್ಲಿದೆ.

ಮುಲುಂಡದಿಂದ

ಓದುವ ಹೊತ್ತು ಮನೆಯಲ್ಲಿ ಸಿಗದಿದ್ದರೆ ಲೋಕಲ್‌ನಲ್ಲಿ ಸಿಗುತ್ತದೆ, ದಿನಕ್ಕೆರಡು ಬಾರಿ. ಒಂದು ಕೈ ಮೇಲಿನ ಹಿಡಿಕೆಯಲ್ಲಿರುವಾಗ ಇನ್ನೊಂದು ಕೈಯಲ್ಲಿ ಸಾವಿರ ಪುಟದ ಪುಸ್ತಕ ನಿಲ್ಲುವುದಿಲ್ಲ. ಮೊಬೈಲಿನಲ್ಲಿಯೇ ಅಕ್ಷರ ದೊಡ್ಡದು ಮಾಡಿಕೊಂಡು ಓದಿ, ಅದೇ ಪುಸ್ತಕದ ಅಚ್ಚಿನ ಪ್ರತಿಯನ್ನು ನಕಾಶೆ ನೋಡುವುದಕ್ಕಾಗಿ ಮನೆಯಲ್ಲಿಡಿ. ಕಿವಿಯಲ್ಲಿ ಕೇಳುವ ಪುಸ್ತಕ ನನಗೆ ಒಗ್ಗಲಿಲ್ಲ, ಠಾಣೆ ಬರುವಷ್ಟರಲ್ಲಿ ಕಥೆಗಿಂತ ಗದ್ದಲವೇ ಜೋರಾಗಿರುತ್ತದೆ.

ಗೋವೆಯ ಮಡಗಾಂವಿನಿಂದ

ಕಾರವಾರದಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಮನೆಯಲ್ಲಿ ರಾತ್ರಿಗೆ ಹುರುಳಿ ಕಟ್ಟಿನ ಸಾರು, ಅನ್ನ, ಒಂದು ಪಲ್ಯ. ಹುರುಳಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು, ಇಲ್ಲದಿದ್ದರೆ ಕುಕ್ಕರ್ ಎಷ್ಟು ಕೂಗಿದರೂ ಅದು ಮಣಿಯುವುದಿಲ್ಲ. ಬೆಂದ ಮೇಲೆ ಬಸಿದ ಕಟ್ಟಿಗೆ ಹುಣಸೆ, ಜಜ್ಜಿದ ಬೆಳ್ಳುಳ್ಳಿ, ಮೆಣಸಿನಪುಡಿ ಸೇರಿಸಿ ಕುದಿಸಿದರೆ ಸಾರು, ಉಳಿದ ಕಾಳಿನಿಂದ ಉಸಲಿ. ಒಂದೇ ಕುಕ್ಕರಿನಿಂದ ಎರಡು ಪದಾರ್ಥವಾಗುತ್ತದೆ.

ಉಪ್ಪು ತಗ್ಗಿಸುವಾಗ ಹುಳಿಯನ್ನು ನೆಚ್ಚಿಕೊಳ್ಳಿ ಎಂದು ನಾನು ಹೇಳುತ್ತೇನೆ, ಏಕೆಂದರೆ ನಾಲಿಗೆಗೆ ಸಪ್ಪೆಯೆನಿಸದಂತೆ ನೋಡಿಕೊಳ್ಳುವುದು ಹುಳಿಯೇ. ಇಲ್ಲಿ ತೆಂಗಿನಹಾಲು ಹಾಕಿದ ಸೋಲ್ ಕಡಿಯ ಜೊತೆಗೆ, ತೆಂಗಿಲ್ಲದ ಫುಟಿ ಕಡಿಯೂ ಬಳಕೆಯಲ್ಲಿದೆ. ಮುರುಗಲ (ಕೋಕಂ) ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ ಹಿಂಡಿ, ಹಸಿಮೆಣಸು, ಬೆಳ್ಳುಳ್ಳಿ, ಕೊತ್ತಂಬರಿ ಜಜ್ಜಿ ಹಾಕಿದರೆ ಒಲೆಯನ್ನೇ ಹಚ್ಚಬೇಕಿಲ್ಲ. ಹಸಿ ತೆಂಗಿನತುರಿಯ ತೂಕದಲ್ಲಿ ಮೂರನೆಯ ಒಂದು ಭಾಗದಷ್ಟು ಕೊಬ್ಬೇ ಇರುವುದರಿಂದ ಹಗುರ ಬೇಕಾದ ದಿನ ಈ ಕಡಿಯೇ ಮೇಲು. ಅಂಗಡಿಯ ಮುರುಗಲಿಗೆ ಒಣಗಿಸುವಾಗಲೇ ಉಪ್ಪು ಸೇರಿಸಿರುವುದುಂಟು, ಆದ್ದರಿಂದ ಮೊದಲು ತೊಳೆದು, ಮೇಲೆ ಉಪ್ಪು ಹಾಕುವ ಮುನ್ನ ರುಚಿ ನೋಡಬೇಕು. ಘಟ್ಟದ ಮೇಲಿನವರಾದ ನಿಮಗೆ ಇದು ಹಿಡಿಸದಿದ್ದರೆ ದೊಡ್ಡಪತ್ರೆಯ ತಂಬುಳಿ ಮಾಡಿ. ಬಾಲ್ಕನಿಯ ಕುಂಡದಲ್ಲಿ ಒಂದು ಕಡ್ಡಿ ನೆಟ್ಟರೆ ಮುಂಬಯಿಯಲ್ಲೂ ಹುಲುಸಾಗಿ ಬೆಳೆಯುತ್ತದೆ.

ಹೆಸರುಗಳು ಮರೆಯುವುದಕ್ಕೆ ಔಷಧ ಇದೆ. ಕಿರಾಣಿ ಲೆಕ್ಕದ ವಹಿಯ ಹಿಂಬದಿಯಲ್ಲಿ ಪ್ರತಿ ಪಾತ್ರಕ್ಕೆ ಒಂದು ಸಾಲು ಬರೆಯುತ್ತೇನೆ, ವಂಶಾವಳಿ ಬೇಡ, ನಮ್ಮ ಮನೆಯ ಮಾತಿನಲ್ಲಿ ಗುರುತು ಸಾಕು. ‘ಅಣ್ಣನ ಮೇಲೆ ಸಿಟ್ಟಿರುವವನು’, ‘ದೊರೆಯ ಎರಡನೆಯ ಸೊಸೆ’ ಎಂದು ಬರೆದದ್ದು ತಿಂಗಳ ಮೇಲೂ ನೆನಪಾಗುತ್ತದೆ. ಟೋಲ್ಕಿನ್ ಅವರ 1954-55ರ ಬೃಹತ್ ಕಾದಂಬರಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಮೂರು ಸಂಪುಟಗಳಲ್ಲಿ ಬಂದರೂ ಲೇಖಕರು ಅದನ್ನು ಆರು ಭಾಗಗಳಾಗಿ ವಿಂಗಡಿಸಿದ್ದಾರೆ. ನಾನು ಒಂದೊಂದು ಭಾಗವನ್ನೂ ಪ್ರತ್ಯೇಕ ಪುಸ್ತಕವೆಂದೇ ಎಣಿಸಿ ನಡುನಡುವೆ ಬಿಡುವು ಕೊಟ್ಟು ಓದಿದೆ. ಕೊನೆಯಲ್ಲಿರುವ ಅನುಬಂಧಗಳನ್ನು ಮೊದಲ ಓದಿನಲ್ಲಿ ಧಾರಾಳವಾಗಿ ಬಿಡಬಹುದು.

ಪುಸ್ತಕ ಕೊಳ್ಳುವ ಮುನ್ನ ಗ್ರಂಥಾಲಯದಲ್ಲಿ ಕೈಯಾಡಿಸುವುದು ಒಳ್ಳೆಯದು. ಪಣಜಿಯ ಪಾಟ್ಟೊದಲ್ಲಿ 1832ರಲ್ಲಿ ಸ್ಥಾಪನೆಯಾದ ರಾಜ್ಯ ಕೇಂದ್ರ ಗ್ರಂಥಾಲಯವಿದೆ, ಈಗ ಕೃಷ್ಣದಾಸ ಶಾಮಾ ಅವರ ಹೆಸರಿನದು. ರಜೆಯಲ್ಲಿ ಗೋವೆಗೆ ಬಂದಾಗ ಕಡಲತೀರಕ್ಕೆ ಹೋಗುವ ಮೊದಲು ಅಲ್ಲಿಗೆ ಮಗನನ್ನು ಕರೆದೊಯ್ಯಿರಿ.

ಪಿಂಪ್ರಿಯಿಂದ

ಇಷ್ಟು ಹೊತ್ತು ಎಲ್ಲರೂ ಸೊಸೆಯೊಬ್ಬಳ ಕೈಗೇ ಎಲ್ಲವನ್ನೂ ಕೊಡುತ್ತಿರುವುದನ್ನು ಕಂಡು ಬರೆಯುತ್ತಿದ್ದೇನೆ. ಪತಿಯವರ ಹೆಸರು ಪ್ರಶ್ನೆಯಲ್ಲಿ ಒಮ್ಮೆ ಬಂದು ಮತ್ತೆ ಬರಲೇ ಇಲ್ಲ! ಮಾವನವರು ಕುಳಿತಲ್ಲೇ ಸೊಪ್ಪು ಬಿಡಿಸಬಲ್ಲರು, ಕಾಳು ಆರಿಸಬಲ್ಲರು. ನಮ್ಮ ಮನೆಯಲ್ಲಿ ಅಜ್ಜ ಸೊಪ್ಪು ಬಿಡಿಸುವಾಗ ಮೊಮ್ಮಗಳು ಗಟ್ಟಿಯಾಗಿ ಕಥೆ ಓದುತ್ತಾಳೆ, ಅಡುಗೆ ಮಾಡುವ ನನಗೂ ಕೇಳಿಸುತ್ತದೆ. ಆರಂಭಿಸಿದ್ದು ಚಂದಮಾಮದ ಹಳೆಯ ಸಂಚಿಕೆಗಳಿಂದ. 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಹುಟ್ಟಿ ಬಳಿಕ ಕನ್ನಡಕ್ಕೂ ಬಂದ ಆ ಪತ್ರಿಕೆಯ ಬೇತಾಳನನ್ನು ಅಜ್ಜಂದಿರಿಗೆ ಯಾರೂ ಪರಿಚಯಿಸಬೇಕಾಗಿಲ್ಲ. ಬೇತಾಳ ಕೇಳುವ ಪ್ರಶ್ನೆಗೆ ಮೊಮ್ಮಗಳು ಉತ್ತರ ಹುಡುಕುವಷ್ಟರಲ್ಲಿ ಒಂದು ಕಟ್ಟು ಮೆಂತ್ಯಸೊಪ್ಪು ಮುಗಿದಿರುತ್ತದೆ.

ಡೊಂಬಿವಲಿಯಿಂದ

ಎಲ್ಲರಿಗೂ ಕೃತಜ್ಞತೆಗಳು. ಪತಿಯವರಿಗೆ ಪಿಂಪ್ರಿಯ ಉತ್ತರವನ್ನು ಓದಿ ಹೇಳಿದ್ದೇನೆ. ಪಿಠಲೆ ತಮ್ಮದೆಂದು ಒಪ್ಪಿಕೊಂಡಿದ್ದಾರೆ. ನಾನು ಅರ್ಥ್‌ಸೀಯಿಂದ ಆರಂಭಿಸುವೆ. ಇನ್ನೊಂದೇ ಸಂದೇಹ ಉಳಿದಿದೆ. ಭಾನುವಾರ ಒಮ್ಮೆಲೇ ಖಡಕ್ ರೊಟ್ಟಿ ಮಾಡಿಟ್ಟುಕೊಂಡರೆ ಮುಂಬಯಿಯ ಮಳೆಗಾಲದಲ್ಲಿ ಅವು ಉಳಿಯುತ್ತವೆಯೇ?

ಕೊಥರೂಡಿನಿಂದ

ಬಯಲುಸೀಮೆಯಲ್ಲಿ ಉಳಿಯುವಷ್ಟು ದಿನ ಉಳಿಯಲಾರವು, ಒಂದು ವಾರಕ್ಕೆ ಮೋಸವಿಲ್ಲ. ಆದಷ್ಟು ತೆಳ್ಳಗೆ ಬಡಿದು, ಬೇಯಿಸಿದ ಮೇಲೆ ಸಣ್ಣ ಉರಿಯ ಕಾವಲಿಯ ಮೇಲೆ ಬಟ್ಟೆಯಿಂದ ಒತ್ತುತ್ತ ತೇವವೆಲ್ಲ ಹೋಗುವವರೆಗೆ ಒಣಗಿಸಿ, ಪೂರ್ತಿ ಆರಿದ ಬಳಿಕವೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ತೇವ ಹಿಡಿದು ಮೆತ್ತಗಾದರೆ ಕಾವಲಿಯ ಮೇಲೆ ಅರ್ಧ ನಿಮಿಷ ಬಿಸಿ ಮಾಡಿದರೆ ಮತ್ತೆ ಖಡಕ್ ಆಗುತ್ತವೆ. ಬೂಷ್ಟು ಕಂಡರೆ ಮಾತ್ರ ಡಬ್ಬಿಯಲ್ಲಿರುವುದನ್ನೆಲ್ಲ ಎಸೆದುಬಿಡಿ. ಮಾವನವರ ಹಲ್ಲಿಗೆ ಗಟ್ಟಿಯಾದರೆ ಮುರಿದು ಬಿಸಿ ಸಾರಿನಲ್ಲಿ ಐದು ನಿಮಿಷ ನೆನೆಸಿ ಕೊಡಿ.